ಹೇಳಿದ್ದು ಐವತ್ತು, ತಿರುಗಿದ್ದು ಸೊನ್ನೆ

ಹಳೇ ಮನೆಗಳ ಗೋಡೆ ಮೇಲೆ ದಪ್ಪನೆಯ ಒಂದು ಡಬ್ಬಿ ಇರ್ತಿತ್ತಲ್ಲ, ಸೀಲಿಂಗ್ ಫ್ಯಾನಿನ ರೆಗ್ಯುಲೇಟರು? ತಿರುಗಿಸಿದ್ರೆ ಟಕ್ ಟಕ್, ಮುಟ್ಟಿದ್ರೆ ಬಿಸಿ. ಒಳಗಿನ ರೆಸಿಸ್ಟರು ಫ್ಯಾನಿಗೆ ಹೋಗೋ ವೋಲ್ಟೇಜ್ ತಗ್ಗಿಸಿ, ಅಷ್ಟನ್ನೂ ಬಿಸಿ ಮಾಡಿ ಕಳೀತಿತ್ತು. ಅದರ ಮೇಲಿದ್ದ 3 ಅನ್ನೋ ನಂಬರು ನಾವು ಕೊಟ್ಟ ಅಪ್ಪಣೆ ಅಷ್ಟೇ. ಸಂಜೆ ವೋಲ್ಟೇಜ್ ಇಳಿದು ಫ್ಯಾನು ಆಕಳಿಸ್ತಾ ತಿರುಗಿದ್ರೂ ಡಬ್ಬಿ ಮಾತ್ರ 3 ಅಂತಲೇ ತೋರಿಸ್ತಿತ್ತು. ಫ್ಯಾನಿಂದ ವಾಪಸ್ ಸುದ್ದಿ ತರೋರು ಯಾರೂ ಇರ್ಲಿಲ್ಲ.

ಕಂಪ್ಯೂಟರ್ ಫ್ಯಾನಿನಲ್ಲಿ ಆ ಸುದ್ದಿ ತರೋದು ಮೂರನೇ ತಂತಿ. ಮೊದಲಿನ ಎರಡು ತಂತಿ ಕರೆಂಟಿಗೆ. ಮೂರನೆಯದು, ಸಾಮಾನ್ಯವಾಗಿ ಒಂದು ಸುತ್ತಿಗೆ ಎರಡು ಮಿಡಿತ ಕಳಿಸುತ್ತೆ. ಸೆಕೆಂಡಿಗೆ ಎಷ್ಟು ಮಿಡಿತ ಅಂತ ಎಣಿಸಿ 30ರಿಂದ ಗುಣಿಸಿದ್ರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ ಸಿಕ್ತು. 50 ಮಿಡಿತ ಅಂದ್ರೆ 1500 ಸುತ್ತು. ಇಷ್ಟೇ ಲೆಕ್ಕ ಮಾರಾಯ್ರೆ! ಒಂದೇ ಸಂಗತಿ, ಈ ತಂತಿ ತಾನಾಗಿ ವೋಲ್ಟೇಜ್ ಕೊಡಲ್ಲ, ನೆಲಕ್ಕೆ ಎಳೆಯೋದು, ಬಿಡೋದು ಅಷ್ಟೇ ಮಾಡುತ್ತೆ. ಮೇಲಕ್ಕೆ ಎಳೆಯೋಕೆ ನಾವೊಂದು ರೆಸಿಸ್ಟರ್ ಹಾಕ್ಬೇಕು.

ನಾಲ್ಕನೇ ತಂತಿ ಅಪ್ಪಣೆಯದು. ಸೆಕೆಂಡಿಗೆ 25 ಸಾವಿರ ಸಲ ಆನ್-ಆಫ್ ಆಗೋ ಸಂಕೇತ ಇದರಲ್ಲಿ ಹೋಗುತ್ತೆ. ಅದರಲ್ಲಿ ಆನ್ ಇರೋ ಪಾಲು ಹೆಚ್ಚಿದಷ್ಟೂ ವೇಗ ಹೆಚ್ಚು. ಇದೇ ಪಿಡಬ್ಲ್ಯುಎಂ. 25 ಸಾವಿರ ಯಾಕಪ್ಪಾ ಅಂದ್ರೆ, ನಮ್ಮ ಕಿವಿ ಕೇಳೋದು ಹೆಚ್ಚೆಂದರೆ 20 ಸಾವಿರದವರೆಗೆ. ಅದಕ್ಕಿಂತ ಕೆಳಗಿದ್ರೆ ಮೋಟರು ಕೀಂಯ್ ಅನ್ನೋದು ಕೇಳಿಸಬಹುದು.

ಇಷ್ಟೆಲ್ಲ ಯಾಕೆ ತಲೆಗೆ ಹೋಯ್ತು ಅಂದ್ರೆ, ನಮ್ಮನೆ ಹಾಲಿನಲ್ಲಿ ಹಗಲು ರಾತ್ರಿ ಓಡೋ ಒಂದು ಹಳೇ ಪಿಸಿ ಇದೆ. ಮನೆಯ ಫೋಟೋಗಳು, ಅಪ್ಪ ಬಿಟ್ಟುಹೋದ ಕ್ಯಾಸೆಟ್ಟುಗಳಿಂದ ಇಳಿಸಿದ ಧ್ವನಿ ಎಲ್ಲ ಅದರಲ್ಲಿ. ಅಮ್ಮ ಮಲಗೋದೂ ಅದೇ ಹಾಲಿನಲ್ಲಿ. ಅಮ್ಮನ ನಿದ್ದೆ ಮೊದಲೇ ತೆಳು.

ಸರಿ, ಅಳೆಯೋಣ ಅಂತ ಕೂತೆ. ಲಿನಕ್ಸ್‌ನಲ್ಲಿ ವೇಗಕ್ಕೆ 0ಯಿಂದ 255ರವರೆಗೆ ಅಂಕಿ ಕೊಡ್ಬಹುದು. ನಮ್ಮ ಫ್ಯಾನು 255ಕ್ಕೆ 1500 ಸುತ್ತು, 128ಕ್ಕೆ ಸುಮಾರು 800, 70ಕ್ಕೆ 450. 50 ಅಂತ ಹೇಳಿದೆ... ಪೂರ್ತಿ ನಿಂತೇಹೋಯ್ತು! ಮತ್ತೆ 70 ಅಂದ್ರೂ ಏಳಲಿಲ್ಲ, 85 ಕೊಟ್ಟ ಮೇಲೆ ಎದ್ದಿತು. ನಿಂತ ಗಾಡಿ ತಳ್ಳೋದು ಕಷ್ಟ, ಓಡೋ ಗಾಡಿ ತಳ್ಳೋದು ಸುಲಭ, ಹಾಗೆ. 'ಫ್ಯಾನ್‌ಕಂಟ್ರೋಲ್' ಅನ್ನೋ ತಂತ್ರಾಂಶ ಅದಕ್ಕೇ ಏಳೋಕೆ ಒಂದು ಅಂಕಿ, ನಿಲ್ಲದೇ ಇರೋಕೆ ಇನ್ನೊಂದು ಅಂಕಿ ಕೇಳೋದು.

ವೇಗ ಇಳಿಸೋದ್ರಲ್ಲಿ ಲಾಭ ದೊಡ್ಡದು. ಗಾಳಿ ಅರ್ಧ ಆದ್ರೆ ಬೇಕಾಗೋ ಶಕ್ತಿ ಹೆಚ್ಚುಕಮ್ಮಿ ಎಂಟನೇ ಒಂದು ಪಾಲು, ಸದ್ದು ಸುಮಾರು 15 ಡೆಸಿಬೆಲ್ ಕಡಿಮೆ. ಇದನ್ನೆಲ್ಲ ಅಮ್ಮನಿಗೆ ಖುಷಿಯಿಂದ ವಿವರಿಸಿದೆ. ಬೆಳಿಗ್ಗೆ ಅಮ್ಮ ಹೇಳಿದ್ದು, "ಸದ್ದು ಕಮ್ಮಿನೇ ಆಗಿದೆ ಕಣೋ. ಆದ್ರೆ ಒಂದೇ ಸಮ ಕೂಗಿದ್ರೆ ನಿದ್ದೆ ಬರುತ್ತೆ, ಇದು ಏರಿ ಇಳಿದು ಏರಿ ಇಳಿದು ಮಾಡುತ್ತಲ್ಲ, ಅದಕ್ಕೇ ಎಚ್ಚರ ಆಗೋದು."

ಸರಿಯಾದ ಮಾತು! ಬಿಸಿ 60 ಡಿಗ್ರಿ ದಾಟಿದ ತಕ್ಷಣ ಜೋರು, 59ಕ್ಕೆ ಇಳಿದ ತಕ್ಷಣ ಮೆಲ್ಲಗೆ ಅಂದ್ರೆ ಫ್ಯಾನು ರಾತ್ರಿಯಿಡೀ ಉಯ್ಯಾಲೆ ಆಡುತ್ತೆ. 60ಕ್ಕೆ ಏರಿದ್ದು 52ಕ್ಕೆ ಬಂದ ಮೇಲೇ ಇಳೀಲಿ ಅಂತ ನಡುವೆ ಜಾಗ ಬಿಡ್ಬೇಕು. 2023ರಲ್ಲಿ ಬಂದ ರಾಸ್‌ಬೆರಿ ಪೈ 5ರಲ್ಲೂ ಫ್ಯಾನಿನ ವೇಗ ಹೀಗೇ ಮೆಟ್ಟಿಲು ಮೆಟ್ಟಿಲಾಗಿ 50, 60, 67.5, 75 ಡಿಗ್ರಿಗಳಲ್ಲಿ ಏರುತ್ತೆ, ಇಳಿಯೋವಾಗ ಐದು ಡಿಗ್ರಿ ಕೆಳಗೆ ಬರೋವರೆಗೆ ಕಾಯುತ್ತೆ. ನಮ್ಮ ಪೆಟ್ಟಿಗೆಗೂ ಆ ಜಾಗ ಬಿಟ್ಟ ಮೇಲೆ ಅಮ್ಮ ಆ ಮಾತು ಎತ್ತಿಲ್ಲ.

ಆದ್ರೆ ಇನ್ನೊಂದು ಪ್ರಶ್ನೆ ಕೇಳಿದ್ರು. "ಇಷ್ಟು ಸುಮ್ಮನಿದ್ರೆ ಅದು ತಿರುಗ್ತಿದ್ಯೋ ನಿಂತಿದ್ಯೋ ಹೇಗೆ ಗೊತ್ತಾಗೋದು? ಅಪ್ಪನ ದನಿ ಹಾಳಾಗಲ್ಲ ತಾನೇ?"

ಗದ್ದಲದ ಫ್ಯಾನು ಕೆಟ್ಟರೆ ಕಿವಿಗೇ ತಿಳಿಯುತ್ತೆ. ಮೆಲ್ಲಗಿನ ಫ್ಯಾನು ಕೆಟ್ಟರೆ ಮೂರನೇ ತಂತಿಗೆ ಮಾತ್ರ ತಿಳಿಯುತ್ತೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಕೋಣೆಯೇ 35 ಡಿಗ್ರಿ ಇದ್ದಾಗ ಫ್ಯಾನು ಎಷ್ಟೇ ಬೀಸಿದ್ರೂ ಪೆಟ್ಟಿಗೆ ಅದಕ್ಕಿಂತ ತಣ್ಣಗಾಗಲ್ಲ, ನಿಂತರೆ ಕೇಳೋದೇ ಬೇಡ. ಹಾಗಾಗಿ ಒಂದು ಪುಟ್ಟ ಸ್ಕ್ರಿಪ್ಟ್ ಬರೆದಿಟ್ಟಿದ್ದೀನಿ: ತಿರುಗು ಅಂತ ಹೇಳಿಯೂ ಹತ್ತು ಸೆಕೆಂಡು ಸುತ್ತು ಸೊನ್ನೆ ಬಂದ್ರೆ ಯಂತ್ರ ತಾನಾಗಿ ಆಫ್. ಅಪ್ಪನ ದನಿಯ ಇನ್ನೊಂದು ಪ್ರತಿ ಅಕ್ಕನ ಮನೆಯಲ್ಲಿದೆ. ಎರಡನ್ನೂ ಹೇಳಿದ ಮೇಲೇ ಅಮ್ಮನಿಗೆ ಸಮಾಧಾನ ಆಗಿದ್ದು.

ನಿಮ್ಮ ಪೆಟ್ಟಿಗೆ ಗುಂಯ್ ಅನ್ನುತ್ತಾ, ಗರ್ ಅನ್ನುತ್ತಾ? ಒಮ್ಮೆ ಪ್ಲಗ್ ಕಿತ್ತು ಧೂಳು ಊದಿ ನೋಡಿ. ಊದುವಾಗ ರೆಕ್ಕೆಯನ್ನ ಬೆರಳಲ್ಲಿ ಹಿಡ್ಕೊಳ್ಳಿ, ಸಿಕ್ಕಾಪಟ್ಟೆ ತಿರುಗಿ ಬೇರಿಂಗ್ ಹಾಳಾಗೋದು ಬೇಡ. ಆಮೇಲೆ ಎಷ್ಟು ಸುತ್ತು ಬಂತು ಅಂತ ಇಲ್ಲಿ ಬರೀರಿ, ನಮ್ಮದರ ಜೊತೆ ಹೋಲಿಸೋಣ :-)