ಪುಸ್ತಕಪ್ರೀತಿ ಮತ್ತು ಅಪರಿಗ್ರಹ

ಹೊನ್ನು, ಭೂಮಿ, ಆಭರಣಗಳ ಮೇಲಿನ ಆಸೆಯನ್ನು ಪರಿಗ್ರಹವೆಂದು ಒಪ್ಪುವ ಶ್ರಾವಕರು ಗ್ರಂಥಗಳ ಮೇಲಿನ ಆಸೆಯನ್ನು ಮಾತ್ರ ಪುಣ್ಯದ ಖಾತೆಗೆ ಬರೆದುಕೊಳ್ಳುತ್ತಾರೆ. ಇದು ಸರಿಯಾದ ಲೆಕ್ಕವೆ? ಸಾವಿರ ವರ್ಷಗಳ ಹಿಂದೆ ಕನ್ನಡ ನಾಡಿನ ಶ್ರಾವಕಿಯೊಬ್ಬಳು ತನ್ನ ಬದುಕಿನಿಂದಲೇ ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾಳೆ. ಆಕೆಯೇ ದಾನಚಿಂತಾಮಣಿ ಅತ್ತಿಮಬ್ಬೆ.

ಅತ್ತಿಮಬ್ಬೆ ರಚಿಸಿದ ಗ್ರಂಥವೊಂದೂ ನಮಗೆ ದೊರೆತಿಲ್ಲ. ಆಕೆಯ ಆಶ್ರಯದಲ್ಲಿ ರನ್ನನು ಕ್ರಿ.ಶ. 993ರಲ್ಲಿ ಮುಗಿಸಿದ ಅಜಿತಪುರಾಣ ಮತ್ತು 1007ರ ಲಕ್ಕುಂಡಿಯ ಶಾಸನ, ಇವೇ ಆಕೆಯನ್ನು ನಮಗೆ ಪರಿಚಯಿಸುತ್ತವೆ. ಮಲ್ಲಪನ ಮಗಳಾದ ಆಕೆ ಚಾಲುಕ್ಯರ ಸೇನಾನಿ ನಾಗದೇವನ ಕೈಹಿಡಿದಳು. ಆತನು ಮಡಿದಾಗ, ತಂಗಿಯೂ ಸವತಿಯೂ ಆಗಿದ್ದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕಲು ನಿಶ್ಚಯಿಸಿದಳು. ಮಗ ಅಣ್ಣಿಗದೇವನನ್ನು ಬೆಳೆಸುತ್ತ, ವ್ರತನಿಯಮಗಳನ್ನು ಪಾಲಿಸುತ್ತ ತನ್ನ ಸಂಪತ್ತನ್ನು ಧರ್ಮಕ್ಕೆ ವಿನಿಯೋಗಿಸಿದಳು.

ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದವರು ಆಕೆಯ ತಂದೆ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ. ಆ ಕಾವ್ಯದ ಒಂದು ಪ್ರತಿಯನ್ನು ರೇಷ್ಮೆವಸ್ತ್ರದಲ್ಲಿ ಸುತ್ತಿಟ್ಟು ಪೂಜಿಸಿದ್ದರೂ ತವರಿನ ಕೀರ್ತಿಗೆ ಸಾಕಾಗುತ್ತಿತ್ತು. ಅತ್ತಿಮಬ್ಬೆ ಹಾಗೆ ಮಾಡಲಿಲ್ಲ. 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚುಯಂತ್ರವಿಲ್ಲದ ಕಾಲವದು. ಪ್ರತಿಯೊಂದನ್ನೂ ಲಿಪಿಕಾರನು ಗರಿಗರಿಯಾಗಿ ಕೈಯಿಂದಲೇ ಬರೆಯಬೇಕಾಗಿತ್ತು.

ತತ್ತ್ವಾರ್ಥಸೂತ್ರದ ಪ್ರಕಾರ ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನಲ್ಲಿರುವ ಮೂರ್ಛೆ. ಹೀಗಿರುವಾಗ ಓದದೆ, ಓದಲು ಕೊಡದೆ ಇಟ್ಟುಕೊಂಡ ಗ್ರಂಥವೂ ಪರಿಗ್ರಹವೇ ಆಗುತ್ತದೆ. ಅದೇ ಗ್ರಂಥವು ಇನ್ನೊಬ್ಬರ ಕೈ ಸೇರಿದಾಗ ಶಾಸ್ತ್ರದಾನವೆನಿಸುತ್ತದೆ. ಅಷ್ಟೇ ಅಲ್ಲ, ಜ್ಞಾನವನ್ನು ಮರೆಮಾಚುವುದು, ಅರ್ಹರಿಗೆ ಕೊಡಲು ಮತ್ಸರಪಡುವುದು, ಕಲಿಯುವವರಿಗೆ ಅಡ್ಡಿಯಾಗುವುದು, ಇವು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳೆಂದು ಅದೇ ಗ್ರಂಥ ಎಚ್ಚರಿಸುತ್ತದೆ. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಧರ್ಮದರ್ಶಿಯು ಈ ಮಾತನ್ನು ಒಮ್ಮೆ ನೆನೆಯಬೇಕು.

ಕಾಪಾಡುವುದೂ ಧರ್ಮವೇ, ಸಂಶಯವಿಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಗ್ರಂಥಗಳ ತಾಡಪತ್ರಗಳನ್ನು ತಲೆಮಾರುಗಳವರೆಗೆ ಜತನದಿಂದ ಉಳಿಸಿದವರ ಪುಣ್ಯ ಸಣ್ಣದಲ್ಲ. ಆದರೆ ಬಹುಕಾಲ ಅವು ಭಕ್ತರಿಗೆ ದೊರೆಯುತ್ತಿದ್ದುದು ದರ್ಶನಕ್ಕೆ ಮಾತ್ರ. ಪ್ರತಿಗಳು ಹೊರಬಂದು, 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಟೀಕಾಸಹಿತ ಷಟ್ಖಂಡಾಗಮ ಮುದ್ರಣಗೊಳ್ಳತೊಡಗಿದ ಮೇಲೆಯೇ ದರ್ಶನವು ಸ್ವಾಧ್ಯಾಯವಾಯಿತು. ಉಳಿಸಿದ ಕೈ, ಹಂಚಿದ ಕೈ ಎರಡೂ ಸೇರಿದಾಗಲೇ ಜಿನವಾಣಿಯ ಸೇವೆ ಪೂರ್ಣವಾಗುವುದು.

ಜ್ಯೇಷ್ಠ ಶುದ್ಧ ಪಂಚಮಿಯಂದು ಎಲ್ಲೆಡೆ ಶ್ರುತಪೂಜೆ ನಡೆಯುತ್ತದೆ. ಗ್ರಂಥಗಳಿಗೆ ಅರಿಸಿನ ಕುಂಕುಮ ಏರುತ್ತದೆ. ಆ ದಿನವೇ ಪ್ರತಿಯೊಂದು ಬಸದಿಯೂ ತನ್ನ ಕಪಾಟನ್ನು ತೆರೆದು, ಧೂಳು ಕೊಡವಿ, ಗ್ರಂಥಗಳ ಪಟ್ಟಿ ಬರೆಯಲಿ. ಹಸ್ತಪ್ರತಿಗಳಿದ್ದರೆ ಛಾಯಾಪ್ರತಿ ಮಾಡಿಸಲಿ. ಮುದ್ರಿತ ಪುಸ್ತಕಗಳನ್ನು ಊರಿನ ಮಕ್ಕಳಿಗೆ ಎರವಲಾಗಿ ಕೊಡಲಿ. ಅದರಲ್ಲಿ ಒಂದೆರಡು ಹಿಂದಿರುಗಿ ಬಾರದಿರಬಹುದು. ಆ ನಷ್ಟವನ್ನು ದಾನದ ಖಾತೆಗೆ ಬರೆದುಕೊಂಡರಾಯಿತು. ಸಾವಿರ ಪ್ರತಿಗಳನ್ನು ಹಂಚಿದ ಆ ತಾಯಿ ಒಂದನ್ನೂ ಮರಳಿ ಕೇಳಿದವಳಲ್ಲ.