ಕರಿಹಲಗೆಯ ಮೇಲೆ ಹುಟ್ಟಿದ ಕಾರು

1990ರ ಜನವರಿ ಇರಬೇಕು. ಲಾಸ್ ಏಂಜಲೀಸಿನ ಉತ್ತರದ ಅಂಚಿನಲ್ಲಿ, ಬೆಟ್ಟ ಶುರುವಾಗುವ ಕಡೆ, ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಪಕ್ಕದ ಮನೆಯವರು ನಿವೃತ್ತ ಶಾಲಾ ಶಿಕ್ಷಕರು. ಹೆಸರು ಹಿಡಿದು ಕರೆ ಎಂದು ಅವರು ಎಷ್ಟು ಹೇಳಿದರೂ ಆ ವಯಸ್ಸಿನವರ ಹೆಸರು ನನ್ನ ಬಾಯಿಗೆ ಬರುತ್ತಿರಲಿಲ್ಲ. ನನ್ನ ಮಟ್ಟಿಗೆ ಅವರು ಮೇಷ್ಟ್ರೇ. ಒಂದು ಭಾನುವಾರ ಇನ್ನೂ ಕತ್ತಲಿರುವಾಗಲೇ ಬಾಗಿಲು ತಟ್ಟಿ, "ಸ್ವೆಟರ್ ಹಾಕ್ಕೊಂಡು ಬಾ, ಟೋಪಿ ಮರೀಬೇಡ" ಎಂದರು.

ಹೊರಗೆ ಒಂದು ಪುಟ್ಟ ಕೆಂಪು ಕಾರು. ನನ್ನ ಎದೆಮಟ್ಟಕ್ಕೂ ಬಾರದಷ್ಟು ಗಿಡ್ಡ. ಸೀಟು ಎರಡೇ. ಛಾವಣಿ ಬಟ್ಟೆಯದು. ಮೇಷ್ಟ್ರು ಕೂತಲ್ಲಿಂದಲೇ ಅದರ ಕೊಕ್ಕೆ ಬಿಚ್ಚಿ, ಹೆಗಲ ಮೇಲೆ ಟವೆಲ್ ಎಸೆದುಕೊಳ್ಳುವವರ ಹಾಗೆ ಒಂದೇ ಕೈಯಲ್ಲಿ ಹಿಂದಕ್ಕೆ ಮಡಚಿ ಹಾಕಿದರು. ಸ್ವಿಚ್ ಒತ್ತಿದಾಗ, ಮುಂಭಾಗದಲ್ಲಿ ಅಡಗಿ ಕೂತಿದ್ದ ಎರಡು ದೀಪ ಕಪ್ಪೆಯ ಕಣ್ಣಿನಂತೆ ಮೇಲೆದ್ದವು. ನಾನು ನಕ್ಕುಬಿಟ್ಟೆ. ಮೇಷ್ಟ್ರಿಗೆ ಬೇಸರವಾಗಲಿಲ್ಲ. "ಎಲ್ಲರೂ ನಗ್ತಾರೆ" ಎಂದರು.

ಮಜ್ದಾ ಮಿಯಾಟಾ. ಊರಲ್ಲಿ ಮಜ್ದಾ ಎಂದರೆ ನನಗೆ ಗೊತ್ತಿದ್ದದ್ದು ಸ್ವರಾಜ್ ಮಜ್ದಾ ಲಾರಿ ಒಂದೇ. ಅದೇ ಹೆಸರಿನವರು ಇಂಥ ಆಟಿಕೆಯನ್ನೂ ಮಾಡುತ್ತಾರೆ ಎಂಬುದು ತಲೆಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಏಂಜಲಿಸ್ ಕ್ರೆಸ್ಟ್ ಹೆದ್ದಾರಿ ಸ್ಯಾನ್ ಗೇಬ್ರಿಯಲ್ ಬೆಟ್ಟಗಳನ್ನು ತಿರುವಿನ ಮೇಲೆ ತಿರುವು ಹಾಕುತ್ತ ಹತ್ತುತ್ತದೆ. ಕಾಲಿಗೆ ಹೀಟರಿನ ಬಿಸಿ, ಕಿವಿಗೆ ಕೊರೆಯುವ ಗಾಳಿ. ಕದ್ದು ಸ್ಪೀಡೋಮೀಟರ್ ನೋಡಿದೆ, ಗಂಟೆಗೆ ನಲವತ್ತೈದು ಮೈಲಿಯೂ ದಾಟಿರಲಿಲ್ಲ. ಎದೆಬಡಿತ ಕೇಳಿದರೆ ಮಾತ್ರ ತೊಂಬತ್ತು ಎನ್ನಬೇಕು. ಘಾಟಿಯಲ್ಲಿ ಬಸ್ಸಿನ ಡ್ರೈವರು ಇಡೀ ಮೈಭಾರ ಹಾಕಿ ಸ್ಟೇರಿಂಗ್ ಎಳೆಯುವುದನ್ನು ನೋಡಿ ಬೆಳೆದವನು ನಾನು. ಇಲ್ಲಿ ಮೇಷ್ಟ್ರ ಮಣಿಕಟ್ಟು ಇಷ್ಟು ಅಲುಗಿದರೆ ಗೇರು ಬಿದ್ದಿರುತ್ತಿತ್ತು, ಅವರು ತಿರುವಿನತ್ತ ಕಣ್ಣು ಹಾಯಿಸುವಷ್ಟರಲ್ಲಿ ಕಾರು ತಿರುಗಿರುತ್ತಿತ್ತು.

ವಾಪಸ್ ಬಂದಾಗ ನನ್ನ ಕೈಬೆರಳು ಮರಗಟ್ಟಿದ್ದವು. ಮೇಷ್ಟ್ರು ಒಳಗೆ ಕರೆದು, ಗೋಡೆಯ ಒಲೆಗೆ ಸೌದೆ ಒಟ್ಟಿ, ಅವರ ದೇಶದ ನೀರು ಕಾಫಿಯನ್ನು ದೊಡ್ಡ ಲೋಟದಲ್ಲಿ ಕೈಗಿಟ್ಟು ಕತೆ ಶುರುಮಾಡಿದರು. ಆಮೇಲಿನ ವರ್ಷಗಳಲ್ಲಿ ಈ ಕಾರಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಯಾವುದು ಅವತ್ತು ಕೇಳಿದ್ದು, ಯಾವುದು ನಂತರ ಸೇರಿದ್ದು ಎಂದು ಈಗ ಬಿಡಿಸಲು ಬರುವುದಿಲ್ಲ.

1979ರ ಮಾತು. ಬಾಬ್ ಹಾಲ್ ಎಂಬ ಅಮೆರಿಕದ ಮೋಟಾರು ಪತ್ರಕರ್ತ ಹಿರೋಷಿಮಾಕ್ಕೆ ಹೋಗಿದ್ದ. ಜಪಾನಿ ಭಾಷೆ ಬಲ್ಲವನು. ಅಲ್ಲಿ ಅವನು ಭೇಟಿಯಾದದ್ದು ಮಜ್ದಾದ ಸಂಶೋಧನಾ ವಿಭಾಗದ ಹಿರಿಯ ಕೆನಿಚಿ ಯಾಮಾಮೋಟೊ ಅವರನ್ನು. ಸಾಮಾನ್ಯ ಆಸಾಮಿಯಲ್ಲ. ಬೇರೆ ಕಂಪನಿಗಳು ಆಮೇಲೆ ಕೈಚೆಲ್ಲಿದ ರೋಟರಿ ಎಂಜಿನ್ನನ್ನು ನಲವತ್ತೇಳು ಎಂಜಿನಿಯರುಗಳನ್ನು ಕಟ್ಟಿಕೊಂಡು ಪಳಗಿಸಿ, 1967ರಲ್ಲಿ ಕಾಸ್ಮೊ ಸ್ಪೋರ್ಟ್ ಎಂಬ ಕಾರಿನಲ್ಲಿ ಓಡಿಸಿದ್ದವರು. ಮಾತುಕತೆ ಮುಗಿಯುವ ಹೊತ್ತಿಗೆ ಅವರು ಹಾಲ್‌ನನ್ನು ಕೇಳಿದರು, ಮಜ್ದಾ ಮುಂದೆ ಎಂಥ ಕಾರು ಮಾಡಬೇಕು ಅಂತೀರಿ ಎಂದು. ಬಂದ ಅತಿಥಿಗೆ ಮರ್ಯಾದೆಗಾಗಿ ಕೇಳುವ ಪ್ರಶ್ನೆ. ಹಾಲ್ ಅದನ್ನು ಮರ್ಯಾದೆಯ ಪ್ರಶ್ನೆ ಎಂದುಕೊಳ್ಳಲೇ ಇಲ್ಲ. ಇಂಗ್ಲೆಂಡಿನವರು ಮಾಡುತ್ತಿದ್ದಂಥ ತೆರೆದ ಪುಟ್ಟ ಕಾರು, ಮುಖಕ್ಕೆ ಗಾಳಿ ರಾಚುವ, ಹಲ್ಲಿಗೆ ಹುಳ ಬಡಿಯುವ ಸರಳ ಕಾರು ಈಗ ಯಾರೂ ಮಾಡುತ್ತಿಲ್ಲ, ನೀವು ಮಾಡಿ ಎಂದು ಎದ್ದುಹೋಗಿ ಅಲ್ಲಿದ್ದ ಕರಿಹಲಗೆಯ ಮೇಲೆ ಚಿತ್ರ ಬರೆದೇಬಿಟ್ಟ.

ಮೇಷ್ಟ್ರು ಇಲ್ಲಿ ಕಡ್ಡಿಯಿಂದ ಕೆಂಡ ಕೆದಕಿದರು. "ಮೂವತ್ತೈದು ವರ್ಷ ಬೋರ್ಡ್ ಮೇಲೆ ಬರೆದೆ. ಒಂದಾದರೂ ಕಾರಾಯ್ತಾ ನೋಡು!"

ಹಾಲ್ ಹೇಳಿದ್ದು ಒಂದು ವರ್ಷ ಮುಂಚೆಯಾಯಿತು, ಅಷ್ಟೇ. ಟ್ರಯಂಫ್ ಸ್ಪಿಟ್‌ಫೈರ್, ಎಂಜಿಬಿ ಎರಡೂ ಮರುವರ್ಷ, 1980ರಲ್ಲಿ, ನಿಂತುಹೋದವು. ಮೇಷ್ಟ್ರ ಬಳಿಯೂ ಅಂಥದ್ದೊಂದು ಹಳೆಯ ಇಂಗ್ಲಿಷ್ ಕಾರು ಇತ್ತಂತೆ. ನಿಂತಲ್ಲೆಲ್ಲ ನೆಲಕ್ಕೆ ಎಣ್ಣೆಯ ರಂಗೋಲಿ, ಮಳೆ ಬಂದರೆ ದೀಪ ಇಲ್ಲ. ಅದನ್ನು ಮಾರಿದ ದಿನ ಅತ್ತೆ ಎಂದರು.

1981ರಲ್ಲಿ ಹಾಲ್ ಪತ್ರಿಕೆ ಬಿಟ್ಟು ಮಜ್ದಾದ ಕ್ಯಾಲಿಫೋರ್ನಿಯಾ ಕಚೇರಿ ಸೇರಿದ. ಯಾಮಾಮೋಟೊ ಕರಿಹಲಗೆಯ ಚಿತ್ರವನ್ನು ಮರೆತಿರಲಿಲ್ಲ, ಅದನ್ನು ಮುಂದುವರಿಸಲು ಒಪ್ಪಿಗೆ ಕೊಟ್ಟರು. ಇದರ ನಡುವೆ ಯಾಮಾಮೋಟೊ ಕೈಗೆ ಒಂದು ಸ್ಪಿಟ್‌ಫೈರಿನ ಕೀಲಿ ಕೊಟ್ಟು, ಜಪಾನಿನ ಹಕೋನೆ ಬೆಟ್ಟದ ರಸ್ತೆಯಲ್ಲಿ ಓಡಿಸಿ ನೋಡಿ ಎಂದು ಬಿಟ್ಟರು. ಅರವತ್ತು ಸಮೀಪಿಸಿದ್ದ ಅಧಿಕಾರಿ, ಛಾವಣಿ ಇಲ್ಲದ ಇಂಗ್ಲಿಷ್ ಕಾರಿನಲ್ಲಿ ಬೆಟ್ಟ ಇಳಿದರು. ಇಳಿದವರಿಗೆ ವಿಷಯ ಅರ್ಥವಾಗಿತ್ತು. ಕರಿಹಲಗೆಯ ಕತೆಯನ್ನೇ ಎಲ್ಲರೂ ಹೇಳುತ್ತಾರೆ. ನನ್ನನ್ನು ಕೇಳಿದರೆ ಈ ಕಾರು ನಿಜಕ್ಕೂ ಹುಟ್ಟಿದ್ದು ಹಕೋನೆಯಲ್ಲಿ. ಅವರು ವರದಿ ತರಿಸಿಕೊಂಡು ಓದಿದ್ದರೆ, ಬೇಡ ಎನ್ನಲು ಅದರಲ್ಲಿ ಬೇಕಾದಷ್ಟು ಕಾರಣ ಸಿಗುತ್ತಿತ್ತು.

ಆಮೇಲಿನದು ಸ್ಪರ್ಧೆ. ಮಾಮೂಲಿ ಕೆಲಸದ ಸಾಲಿನಿಂದ ಹೊರಗಿಟ್ಟ ಈ ಯೋಜನೆಗೆ 'ಆಫ್‌ಲೈನ್ 55' ಎಂದು ಹೆಸರಾಯಿತು. ಜಪಾನಿ ಭಾಷೆಯಲ್ಲಿ ಐದಕ್ಕೆ 'ಗೋ' ಎನ್ನುವುದರಿಂದ ಅದು 'ಗೋ ಗೋ' ಕೂಡ ಹೌದು. ಟೋಕಿಯೋದವರು ಎರಡು ಬಗೆ ಮುಂದಿಟ್ಟರು, ಎಂಜಿನ್ ಮುಂದಿದ್ದು ಮುಂಚಕ್ರ ಎಳೆಯುವುದು ಒಂದು, ಎಂಜಿನ್ ನಡುವೆ ಇರುವುದು ಇನ್ನೊಂದು. ಕ್ಯಾಲಿಫೋರ್ನಿಯಾದವರದು ಹಳೆಯ ಹಟ, ಎಂಜಿನ್ ಮುಂದೆ, ತಳ್ಳುವುದು ಹಿಂಚಕ್ರ. 1984ರಲ್ಲಿ ಜೇಡಿಮಣ್ಣಿನ ಪೂರ್ಣ ಗಾತ್ರದ ಮಾದರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಗೆದ್ದದ್ದು ಹಟವೇ. ಯಾಮಾಮೋಟೊ ಕಂಪನಿಯ ಅಧ್ಯಕ್ಷರಾದದ್ದೂ ಅದೇ ವರ್ಷ. ಈ ಕಾರಿಗೆ ಅದಕ್ಕಿಂತ ದೊಡ್ಡ ಅದೃಷ್ಟ ಬೇರೆ ಬೇಕಿರಲಿಲ್ಲ.

ಓಡುವ ಮೊದಲ ಮಾದರಿ ಕಟ್ಟಿದ್ದು ಇಂಗ್ಲೆಂಡಿನ ವರ್ದಿಂಗ್ ಎಂಬ ಕಡಲೂರಿನಲ್ಲಿ, ಐಎಡಿ ಎಂಬ ಸಂಸ್ಥೆ. ಫೈಬರ್ ಮೈ, ಮಜ್ದಾದ್ದೇ ಮನೆಬಳಕೆಯ ಕಾರಿನಿಂದ ತೆಗೆದ 1.4 ಲೀಟರ್ ಎಂಜಿನ್. 1985ರ ಶರತ್ಕಾಲದಲ್ಲಿ ಅದನ್ನು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾಕ್ಕೆ ತಂದರು. ದುಬಾರಿ ಕಾರುಗಳ ಶ್ರೀಮಂತ ಊರು, ಯಾರೂ ತಿರುಗಿ ನೋಡಲಾರರು ಎಂಬ ಲೆಕ್ಕ. ಜನ ಬೆನ್ನುಬಿದ್ದರು. ಇದು ಯಾವ ಕಾರು, ಯಾವಾಗ ಸಿಗುತ್ತೆ ಎಂಬ ಪ್ರಶ್ನೆಗಳು. ಗುಟ್ಟಾಗಿ ಪರೀಕ್ಷೆ ಮಾಡಲು ಬಂದವರು ಆತುರಾತುರವಾಗಿ ಕಾರು ಮರೆಮಾಡಬೇಕಾಯಿತು. 1986ರ ಜನವರಿ 18ರಂದು ಕಂಪನಿ ಅಂತಿಮ ಒಪ್ಪಿಗೆ ಕೊಟ್ಟಿತು. ಸಾಂಟಾ ಬಾರ್ಬರಾದ ಆ ಮಂದಿಗೂ ಅದರಲ್ಲಿ ಪಾಲಿದೆ.

ಹೊಣೆ ಹೊತ್ತವರು ತೊಶಿಹಿಕೊ ಹಿರಾಯ್. ಅವರು ಹಿಡಿದ ಮಾತು 'ಜಿನ್‌ಬಾ ಇತ್ತಾಯ್', ಸವಾರ ಕುದುರೆ ಎರಡಲ್ಲ ಒಂದೇ ಎಂದು. ಓಡುವ ಕುದುರೆಯ ಮೇಲಿಂದ ಬಾಣ ಬಿಡುವವರ ಲೋಕದ ಮಾತದು. ಕೇಳಲು ಜಾಹೀರಾತಿನಂತಿದೆ, ನನಗೂ ಮೊದಲು ಹಾಗೇ ಅನ್ನಿಸಿತ್ತು. ಹಿರಾಯ್ ಮಾಡಿದ್ದೇನೆಂದರೆ, ಆ ಒಂದು ಮಾತನ್ನು ಮೀನಿನ ಮುಳ್ಳಿನಂಥ ನಕ್ಷೆಯಾಗಿ ಹರವಿದರು. ಕಣ್ಣಿಗೆ ಏನು ಕಾಣಬೇಕು, ಕೈಗೆ ಏನು ತಿಳಿಯಬೇಕು, ಕಿವಿಗೆ ಏನು ಕೇಳಬೇಕು ಎಂದು ಒಂದೊಂದು ಮುಳ್ಳು. ಕಿವಿಗಾಗಿ ಹಲವಾರು ಸ್ಪೋರ್ಟ್ಸ್ ಕಾರುಗಳ ಸೈಲೆನ್ಸರ್ ಸದ್ದನ್ನು ಟೇಪ್ ಹಾಕಿ ಕೇಳಿದರಂತೆ. ಕೈಗಾಗಿ ಗಿಡ್ಡ ಗೇರ್ ಕಡ್ಡಿ. ಕಾಲಿಗಾಗಿ, ಗೇರ್‌ಪೆಟ್ಟಿಗೆಯಿಂದ ಹಿಂದಿನ ಡಿಫರೆನ್ಶಿಯಲ್‌ವರೆಗೆ ಒಂದು ಅಲ್ಯೂಮಿನಿಯಂ ತೊಲೆ. ಎತ್ತಿನ ಗಾಡಿಯ ಮೂಕಿ ಕಂಡವರಿಗೆ ಬೇಗ ತಿಳಿಯುತ್ತದೆ. ನಡುವೆ ಬಾಗು ಬಳುಕು ಇಲ್ಲದ್ದರಿಂದ ಆಕ್ಸಿಲರೇಟರ್ ಮುಟ್ಟಿದ ಕ್ಷಣವೇ ಹಿಂಚಕ್ರಕ್ಕೆ ಸುದ್ದಿ ಹೋಗುತ್ತದೆ. ಜಪಾನಿನಲ್ಲಿ ಮಾರಿದ ಕಾರಿನ ತೂಕ 940 ಕಿಲೋ, ಅದೂ ಮುಂದೆ ಹಿಂದೆ ಹೆಚ್ಚುಕಡಿಮೆ ಸಮಪಾಲು. 1.6 ಲೀಟರ್ ಎಂಜಿನ್ನಿಗೆ ಅಮೆರಿಕದಲ್ಲಿ ಬರೆದ ಶಕ್ತಿ 116 ಅಶ್ವಶಕ್ತಿ. ಅದೇನೂ ಹೆಚ್ಚಲ್ಲ, ಬೇಕಾಗಿಯೂ ಇರಲಿಲ್ಲ.

1989ರ ಫೆಬ್ರವರಿಯಲ್ಲಿ ಶಿಕಾಗೋ ಪ್ರದರ್ಶನದಲ್ಲಿ ತೆರೆ ಸರಿಯಿತು. ಮಿಯಾಟಾ ಎಂದರೆ ಹಳೆಯ ಜರ್ಮನ್‌ನಲ್ಲಿ ಬಹುಮಾನ. ಜಪಾನಿನಲ್ಲಿ ಅದೇ ಕಾರು ಯೂನೊಸ್ ರೋಡ್‌ಸ್ಟರ್, ಯುರೋಪಿನಲ್ಲಿ ಎಂಎಕ್ಸ್-5. ಬೆಲೆ 13,800 ಡಾಲರಿನಿಂದ ಶುರು. ಆ ಬೆಲೆಗೆ ಮೇಷ್ಟ್ರಿಗೆ ಮಾತ್ರ ಸಿಗಲಿಲ್ಲ. ಅವರ ಸರದಿ ಬರುವಷ್ಟರಲ್ಲಿ ಮಾರಾಟಗಾರ ಮೇಲೊಂದಿಷ್ಟು ಸಾವಿರ ಸೇರಿಸಿದ್ದ. "ಕೊಟ್ಟೆ. ಅತ್ತದ್ದು ಒಂದು ಸಲ ಸಾಕಿತ್ತು" ಎಂದು ಮೇಷ್ಟ್ರು ಕೊನೆಯ ಕೊರಡನ್ನು ಒಲೆಗೆ ತಳ್ಳಿದರು.

ಮುಂದಿನ ಕೆಲವೇ ವರ್ಷಗಳಲ್ಲಿ ಇಟಲಿ, ಜರ್ಮನಿ, ಅಷ್ಟೇಕೆ ಇಂಗ್ಲೆಂಡಿನವರೂ ತಮ್ಮ ತಮ್ಮ ತೆರೆದ ಎರಡು ಸೀಟಿನ ಕಾರು ತಂದರು. ಹತ್ತು ಲಕ್ಷದ ಮಿಯಾಟಾ 2016ರ ಏಪ್ರಿಲ್ 22ರಂದು ಹೊರಬಿತ್ತು. ಅದನ್ನು ದೇಶ ದೇಶ ಸುತ್ತಿಸಿದರು, ಅಭಿಮಾನಿಗಳು ಅದರ ಮೈಮೇಲೆ ಸಹಿ ಹಾಕಿದರು. ಕಪ್ಪೆಕಣ್ಣಿನ ದೀಪ ಮಾತ್ರ 1998ರ ಎರಡನೇ ತಲೆಮಾರಿನಲ್ಲೇ ಹೋಯಿತು. ಆಮೇಲಿನ ಯಾವುದನ್ನು ಕಂಡರೂ ನನಗೆ ನಗು ಬಂದಿಲ್ಲ.

ಮೇಷ್ಟ್ರು ಈಗಿಲ್ಲ. ಕಾರು ಮೊಮ್ಮಗಳ ಹತ್ತಿರ ಇದೆ. ಬಟ್ಟೆಯ ಛಾವಣಿಯನ್ನು ಎರಡು ಸಲ ಬದಲಿಸಿದ್ದಾಳಂತೆ. ಸ್ವಿಚ್ ಒತ್ತಿದರೆ ಎರಡೂ ದೀಪ ಇವತ್ತಿಗೂ ಒಟ್ಟಿಗೇ ಏಳುತ್ತವೆ.