ಗೋಡೆ ಓದಲು ಬಾರದವಳು

"ಮೋಟರ್ ಈಗೀಗ ದಿನಾ ಹಾಕಬೇಕಾಗ್ತೈತೆ ಕಣವ್ವಾ" ಎಂದು ಅಮ್ಮ ಫೋನಿನಲ್ಲಿ ಮೊದಲ ಸಲ ಹೇಳಿದ್ದು ದೀಪಾವಳಿ ಕಳೆದ ವಾರ. ನಾನು ಹಾಸ್ಟೆಲಿನಲ್ಲಿ ಪ್ರಬಂಧದ ಎರಡನೆಯ ಅಧ್ಯಾಯ ತಿದ್ದುತ್ತಾ ಕೂತಿದ್ದೆ. "ಬಳಕೆ ಜಾಸ್ತಿಯಾಗಿರಬೇಕು ಬಿಡಮ್ಮ" ಅಂದೆ. ಅಪ್ಪ ಹೋದ ಮೇಲೆ ಆ ಮನೆಯಲ್ಲಿರುವುದು ಅಮ್ಮ ಒಬ್ಬರೇ. ಯಾರ ಬಳಕೆ ಜಾಸ್ತಿಯಾಗಬೇಕು ಎಂದು ನನಗೆ ಹೊಳೆಯಲಿಲ್ಲ.

ಸಂಕ್ರಾಂತಿ ಹೊತ್ತಿಗೆ, "ಬಚ್ಚಲ ಗೋಡೆ ಮುಟ್ಟಿದ್ರೆ ತಣ್ಣಗೈತೆ, ಸುಣ್ಣ ಉದುರ್ತೈತೆ" ಅಂದರು. ಹಳೇ ಗೋಡೆ, ಬೇಸಿಗೆ ರಜೆಗೆ ಬಂದಾಗ ಬಣ್ಣ ಹೊಡೆಸೋಣ ಅಂದೆ. ಶಿವರಾತ್ರಿ ಸುಮಾರಿಗೆ, "ರಾತ್ರಿ ಎಲ್ಲಾ ನಿಶ್ಶಬ್ದ ಆದ್ಮೇಲೆ ಗೋಡೆ ಒಳಗೆ ಸುಸ್ ಅಂತೈತೆ" ಅಂದರು. ನಾನು ನಕ್ಕೆ. ಅಮ್ಮನೂ ನಕ್ಕರು. ಆಮೇಲೆ ಆ ಮಾತು ಎತ್ತಲಿಲ್ಲ.

ಮಾರ್ಚ್ ಕೊನೆಯಲ್ಲಿ ಪಕ್ಕದ ಮನೆಯ ಚಿಕ್ಕಮ್ಮ ಫೋನ್ ಮಾಡಿದರು. ಮೋಟರ್ ಸುಟ್ಟು ನಾಲ್ಕು ದಿನವಾಗಿತ್ತು. ಅಮ್ಮ ಅವರ ಸಂಪಿನಿಂದ ಕೊಡದಲ್ಲಿ ನೀರು ಹೊರುತ್ತಿದ್ದರಂತೆ. ಐದನೆಯ ದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಕಾಲು ಜಾರಿ ಮಂಡಿ ಊದಿಕೊಂಡಿತ್ತು. "ನಿನಗೆ ಹೇಳಬ್ಯಾಡ ಅಂದಿದ್ಲು, ನಾನೇ ಹೇಳ್ತಿದೀನಿ" ಅಂದರು ಚಿಕ್ಕಮ್ಮ. ಅಂದು ರಾತ್ರಿಯ ಬಸ್ಸು ಹಿಡಿದೆ.

ನಮ್ಮದು ಮೊಳಕಾಲ್ಮುರು ತಾಲ್ಲೂಕಿನ ಒಂದು ಊರು. ನಮ್ಮ ತಾರಸಿ ಮೇಲೆ ನಿಂತರೆ ಬ್ರಹ್ಮಗಿರಿ ಬೆಟ್ಟ ಕಾಣುತ್ತದೆ. ಅಶೋಕನ ಶಾಸನವಿರುವ ಬಂಡೆಗೆ ಈ ಕಡೆಯವರು ಹೇಳುವುದು ಅಕ್ಷರಗುಂಡು ಅಂತ. ಬಿ.ಎಲ್. ರೈಸ್ 1892ರಲ್ಲಿ ಇಲ್ಲಿನ ಶಾಸನಗಳನ್ನು ಬೆಳಕಿಗೆ ತಂದರು. ಮೈಸೂರಿನ ಎಂ.ಎಚ್. ಕೃಷ್ಣ ಅವರು ಇಲ್ಲಿ ಅಗೆದರು, ಅವರ ನಂತರ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದರು. ನನ್ನ ಸಂಶೋಧನೆಯೂ ಇದೇ ಬೆಟ್ಟದ ಬುಡದ ಹಳೆಯ ಇಸಿಲ ಪಟ್ಟಣದ ಬಗ್ಗೆ. ಚಳ್ಳಕೆರೆ, ಮೊಳಕಾಲ್ಮುರು ಎಂದರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ. ಇಲ್ಲಿ ನೀರು ಸೋರುವುದೆಂದರೆ ದುಡ್ಡು ಹೋಗುವುದಷ್ಟೇ ಅಲ್ಲ, ಯಾರೋ ಒಬ್ಬರು ಅದನ್ನು ಹೊರಬೇಕಾಗುತ್ತದೆ.

ಪೈಪಿನ ಕೆಲಸಕ್ಕೆ ಬಂದವರು ಅಪ್ಪನ ಕಾಲದಿಂದ ಪರಿಚಯವಿದ್ದ ಹಿರಿಯರು. ನಾವು ಮಕ್ಕಳೆಲ್ಲ ಅವರನ್ನು ಪೈಪ್ ಮಾಮ ಎಂದೇ ಕರೆಯುವುದು. ಚೀಲದಿಂದ ಪಾನಾ ತೆಗೆಯುತ್ತಾರೆ ಅಂದುಕೊಂಡರೆ, ಬಚ್ಚಲ ಬಾಗಿಲಲ್ಲಿ ಕೂತು ಅಮ್ಮನನ್ನು ಕೇಳಿದರು: "ಅಕ್ಕಾ, ಎಷ್ಟು ದಿನದಿಂದ? ಮೊದಲು ಏನು ಕಂಡಿತು?" ಅಮ್ಮ ಹೇಳುತ್ತಾ ಹೋದರು. ಮೋಟರ್ ದಿನಾ, ತಣ್ಣನೆ ಗೋಡೆ, ಸುಣ್ಣ, ಸುಸ್ ಸದ್ದು. ನನಗೆ ಐದು ತಿಂಗಳಲ್ಲಿ ಬಿಡಿಬಿಡಿಯಾಗಿ ಹೇಳಿದ್ದೆಲ್ಲ ಅವರ ಮುಂದೆ ಒಂದೇ ಸಾಲಿನಲ್ಲಿ ಬಂತು. ಮಾಮ ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಾ ನಡೆದರು. ನಲ್ಲಿಗಿಂತ ಒಂದು ಗೇಣು ಮೇಲೆ ಗಾರೆ ಟೊಳ್ಳು ಸದ್ದು ಕೊಟ್ಟಿತು. "ಇಲ್ಲೇ" ಅಂದರು.

ಅವರು ಹೇಗೆ ಗುರುತು ಹಿಡಿದರು ಎಂದು ಕೇಳಿದಾಗ ಹೇಳಿದ್ದು ಇಷ್ಟು. ಮಳೆಯ ತೇವ ಮೇಲಿನಿಂದ ಇಳಿಯುತ್ತದೆ, ಮಳೆ ನಿಂತ ಮೇಲೆ ಒಣಗುತ್ತದೆ. ನೆಲದ ತೇವ ಕೆಳಗಿನಿಂದ ಏರುತ್ತದೆ, ಗೋಡೆಯ ಬುಡದುದ್ದಕ್ಕೂ ಒಂದೇ ಸಮ ಇರುತ್ತದೆ. ಪೈಪಿನ ತೇವ ಗೋಡೆಯ ನಡುವೆ ರೊಟ್ಟಿಯಗಲ ಶುರುವಾಗಿ ಸುತ್ತ ಹರಡುತ್ತದೆ, ಅದಕ್ಕೆ ಕಾಲಮಾನವಿಲ್ಲ. "ಮಾರ್ಚ್ ತಿಂಗಳಾಗೆ ನಮ್ಮ ಸೀಮೆಯಾಗೆ ಗೋಡೆ ಒದ್ದೆ ಐತೆ ಅಂದ್ರೆ ಮಳೆ ಅಂತೀಯೇನವ್ವಾ?" ಎಂದು ನಕ್ಕರು. ವೀಲರ್ ಬ್ರಹ್ಮಗಿರಿಯ ಗುಂಡಿಗಳಲ್ಲಿ ಮಣ್ಣಿನ ಪದರಗಳನ್ನು ಓದಿ ಕಲ್ಲುಕೊಡಲಿಯ ಕಾಲ, ಬೃಹತ್ ಶಿಲಾ ಗೋರಿಗಳ ಕಾಲ, ಆಂಧ್ರ ಕಾಲ ಎಂದು ಬೇರೆ ಮಾಡಿದ್ದನ್ನು ನಾನು ಕಿರಿಯರಿಗೆ ಪಾಠ ಹೇಳಿದ್ದೇನೆ. ನಮ್ಮ ಬಚ್ಚಲ ಗೋಡೆಯಲ್ಲಿ ಮೂರು ಬಗೆಯ ತೇವವಿರಬಹುದೆಂದು ಮಾತ್ರ ಯೋಚಿಸಿರಲಿಲ್ಲ.

ಗಾರೆ ಒಡೆದಾಗ ಒಳಗಿದ್ದ ಹಳೆಯ ಜಿಐ ಪೈಪಿನ ಎಲ್ಬೋ ತುಕ್ಕು ಹಿಡಿದು ಸಣ್ಣಗೆ ಬಿರುಕು ಬಿಟ್ಟಿತ್ತು. ತೂತು ಸೂಜಿಮೊನೆಯಷ್ಟೇ. ಆದರೆ ಅದು ಹಗಲು ರಾತ್ರಿ ಸೋರುತ್ತಿತ್ತು. ಮೇಲಿನ ಟ್ಯಾಂಕು ಖಾಲಿಯಾಗುತ್ತಿತ್ತು, ಅಮ್ಮ ಮೋಟರ್ ಹಾಕುತ್ತಿದ್ದರು, ಸಂಪು ಇಳಿಯುತ್ತಿತ್ತು. ಒಂದು ಮಧ್ಯಾಹ್ನ ಅಮ್ಮನಿಗೆ ಜೊಂಪು ಹತ್ತಿದಾಗ ಸಂಪಿನ ನೀರು ಮುಗಿದು ಮೋಟರ್ ಬರಿದೇ ತಿರುಗಿ ಸುಟ್ಟಿತ್ತು.

ಹೊಸ ಎಲ್ಬೋ ಕೂರಿಸುವ ಮೊದಲು ಮಾಮ ನನಗೊಂದು ಪರೀಕ್ಷೆ ಕಲಿಸಿದರು. ರಿಪೇರಿಯಾದ ಮೋಟರಿನಲ್ಲಿ ಟ್ಯಾಂಕಿಗೆ ನೀರೇರಿಸಿ, ರಾತ್ರಿ ಎಲ್ಲ ನಲ್ಲಿ ಭದ್ರ ಮಾಡಿ, ನೀರಿನ ಮಟ್ಟಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯುವುದು. ಬೆಳಿಗ್ಗೆ ಯಾರೂ ನೀರು ಮುಟ್ಟುವ ಮುಂಚೆ ನೋಡುವುದು. ನಮ್ಮ ಐನೂರು ಲೀಟರಿನ ಟ್ಯಾಂಕಿನಲ್ಲಿ ನೀರು ಗೆರೆಯಿಂದ ಅರ್ಧ ಗೇಣು ಇಳಿದಿತ್ತು. ಟ್ಯಾಂಕಿನ ಅಗಲ ಅಳೆದು ಲೆಕ್ಕ ಹಾಕಿದೆ, ಹೆಚ್ಚುಕಡಿಮೆ 60 ಲೀಟರು. ಜಲ ಜೀವನ್ ಮಿಷನ್ನಿನಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ ಕೊಡಬೇಕೆಂದು ಇಟ್ಟುಕೊಂಡಿರುವ ಗುರಿ 55 ಲೀಟರು. ಅಂದರೆ ಒಬ್ಬ ಮನುಷ್ಯರ ಒಂದು ದಿನದ ಪಾಲಿನಷ್ಟು ನೀರನ್ನು ನಮ್ಮ ಗೋಡೆ ಒಂದೇ ರಾತ್ರಿಯಲ್ಲಿ ಕುಡಿಯುತ್ತಿತ್ತು.

ಮರುದಿನ ರಾತ್ರಿ ಟ್ಯಾಂಕಿನ ಬುಡದ ಗೇಟ್ ವಾಲ್ವ್ ಮುಚ್ಚಿ ಮತ್ತೆ ಗೆರೆ ಎಳೆಸಿದರು. ಬೆಳಿಗ್ಗೆ ಮಟ್ಟ ಇಳಿದಿರಲಿಲ್ಲ. ಹಾಗಾದರೆ ಟ್ಯಾಂಕು ಚೆನ್ನಾಗಿದೆ, ಸೋರಿಕೆ ಇರುವುದು ವಾಲ್ವಿನಿಂದ ಕೆಳಗೆ. ವಾಲ್ವ್ ಮುಚ್ಚಿದ ಮೇಲೂ ಇಳಿದಿದ್ದರೆ ಟ್ಯಾಂಕನ್ನೋ ವಾಲ್ವನ್ನೋ ನೋಡಬೇಕಿತ್ತು. ಹೀಗೆ ಒಂದೊಂದೇ ಕಡೆ ಮುಚ್ಚುತ್ತಾ ಬಂದರೆ ಗೋಡೆ ಒಡೆಯುವ ಮೊದಲೇ ತಪ್ಪು ಎಲ್ಲಿದೆ ಎಂದು ತಿಳಿಯುತ್ತದೆ.

ಕಕ್ಕಸಿನ ಫ್ಲಶ್ ಟ್ಯಾಂಕಿನದು ಬೇರೆ ಪರೀಕ್ಷೆ. ಅದರೊಳಗೆ ಏನಾದರೂ ಬಣ್ಣ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಬೇಕು. ಕೆಳಗೆ ಬಣ್ಣ ಕಾಣಿಸಿದರೆ ಒಳಗಿನ ರಬ್ಬರು ಹೋಗಿದೆ ಎಂದರ್ಥ. ನಾನು ಅರಿಶಿನದ ಡಬ್ಬಿಗೆ ಕೈ ಹಾಕಿದ್ದೇ ತಡ, ಅಮ್ಮ ಕೂತಲ್ಲಿಂದಲೇ ಕೂಗಿದರು: "ಅರಿಶಿನ ಅಲ್ಲಿಗೆ ಹಾಕ್ತಾರೇನೇ?" ಕೊನೆಗೆ ಬಿಳಿ ಬಟ್ಟೆಗೆ ಹಾಕುವ ನೀಲಿ ಹಾಕಿದೆವು. ಬಣ್ಣ ಇಳಿಯಲಿಲ್ಲ.

ಅಡುಗೆಮನೆ ನಲ್ಲಿ ತೊಟ್ಟಿಕ್ಕುವುದು ನಾನು ಶಾಲೆಗೆ ಹೋಗುವಾಗಿನಿಂದಲೂ ಇತ್ತು. ಅದನ್ನು ಯಾರೂ ದೂರೆಂದು ಹೇಳುತ್ತಿರಲಿಲ್ಲ. ಒಂದು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಕೆಳಗೆ ತಂಬಿಗೆ ಇಟ್ಟೆ. ಒಂದೂವರೆ ಲೀಟರು ತುಂಬಿತ್ತು. ದಿನಕ್ಕೆ ನಾಲ್ಕೂವರೆ, ತಿಂಗಳಿಗೆ 135 ಲೀಟರು. ಹದಿನೈದು ಲೀಟರಿನ ಬಿಂದಿಗೆಯಲ್ಲಿ ಒಂಬತ್ತು ಬಿಂದಿಗೆ. ಹೊಸ ವಾಷರ್ ಹಾಕಲು ಮಾಮ ತೆಗೆದುಕೊಂಡಿದ್ದು ಹತ್ತು ನಿಮಿಷ.

ನಮ್ಮ ಕಡೆಯ ಬೋರಿನ ನೀರು ಗಡಸು. ಬೇಳೆ ಬೇಯುವುದಿಲ್ಲ, ಸೋಪು ನೊರೆ ಕೊಡುವುದಿಲ್ಲ. ಫ್ಲೋರೈಡ್ ಬೇರೆ, ಹಾಗಾಗಿ ಕುಡಿಯುವುದಕ್ಕೆ ಶುದ್ಧ ನೀರಿನ ಘಟಕಕ್ಕೆ ಕ್ಯಾನ್ ಹಿಡಿದು ಹೋಗುತ್ತೇವೆ. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಈ ಗಡಸುತನವೇ ಪತ್ತೆದಾರನೂ ಹೌದು ಎಂದು ತೋರಿಸಿದವರು ಮಾಮ. ಜಾಯಿಂಟಿನಿಂದ ಹನಿ ಬೀಳದಷ್ಟು ಸಣ್ಣಗೆ ನೀರು ಜಿನುಗಿದರೂ, ನೀರು ಆರಿಹೋಗಿ ಸುಣ್ಣ ಅಲ್ಲೇ ಉಳಿಯುತ್ತದೆ. ಪೈಪಿನ ಕುತ್ತಿಗೆಯಲ್ಲಿ ಬಿಳಿ ಬಳೆಯಂತೆ ಕಟ್ಟಿಕೊಂಡಿದ್ದರೆ ಅದು ಒಣಗಿದ್ದರೂ ಸೋರಿಕೆಯೇ. ಹಿತ್ತಾಳೆಯ ಮೇಲಾದರೆ ಹಸಿರು, ಕಬ್ಬಿಣದ ಮೇಲಾದರೆ ಕೆಂಪು. ಒರೆಸಿ ತೆಗೆದು, ವಾರದಲ್ಲಿ ಮತ್ತೆ ಬರುತ್ತದೋ ನೋಡಬೇಕು.

ಬೆಳಿಗ್ಗೆ ನಲ್ಲಿ ತಿರುವಿದಾಗ ಮೊದಲ ಚೆಂಬು ಮಾತ್ರ ಕೆಂಪಾಗಿ ಬಂದು ಆಮೇಲೆ ತಿಳಿಯಾದರೆ, ತುಕ್ಕು ನಮ್ಮ ಮನೆಯ ಪೈಪಿನದು. ಎಷ್ಟು ಬಿಟ್ಟರೂ ಕೆಂಪಾಗೇ ಬಂದರೆ ಮೂಲವನ್ನೋ ಸಂಪನ್ನೋ ನೋಡಬೇಕು. ಒಂದೇ ನಲ್ಲಿಯಲ್ಲಿ ಧಾರೆ ಸಣ್ಣಗಾದರೆ ಅದರ ಬಾಯಿಯ ಜಾಲರಿಗೆ ಸುಣ್ಣ ಕಟ್ಟಿದೆ, ಮನೆಯೆಲ್ಲ ಸಣ್ಣಗಾದರೆ ಪೈಪಿನೊಳಗೆ ಕಟ್ಟಿದೆ. ಟ್ಯಾಂಕು ತುಂಬಲು ಮೊದಲು ಇಪ್ಪತ್ತು ನಿಮಿಷ ಹಿಡಿಯುತ್ತಿದ್ದದ್ದು ಮೂವತ್ತೈದಕ್ಕೆ ಹೋದರೆ ಫುಟ್ ವಾಲ್ವ್ ನೋಡಿಸಬೇಕು. ಬಳಸದ ಬಚ್ಚಲಿನಿಂದ ವಾಸನೆ ಬಂದರೆ ಗಾಬರಿ ಬೇಡ, ಕೆಳಗಿನ ಟ್ರ್ಯಾಪಿನಲ್ಲಿ ತಡೆದು ನಿಂತಿರಬೇಕಾದ ನೀರು ಆರಿದೆ, ಒಂದು ಚೆಂಬು ಹೊಯ್ದರೆ ಸಾಕು. ಹೊಯ್ದ ಮರುದಿನವೇ ಮತ್ತೆ ವಾಸನೆ ಬಂದರೆ, ಅಥವಾ ನೀರು ಇಳಿಯುವಾಗ ಗೊಳಗೊಳ ಸದ್ದಾದರೆ, ಕಟ್ಟಿಕೊಳ್ಳುವ ಮೊದಲೇ ತೋರಿಸಬೇಕು.

ಇದನ್ನೆಲ್ಲ ನಾನು ಫೀಲ್ಡ್ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಅಮ್ಮ ಅಂದರು: "ಅಕ್ಷರಗುಂಡಿನ ಮೇಲಿನ ಅಕ್ಷರ ಓದೋಕೆ ಬರ್ತೈತೆ ನಿನಗೆ. ಮನೆ ಗೋಡೆ ಓದೋಕೆ ಬರಲಿಲ್ಲ ನೋಡು." ಕುಹಕವಿರಲಿಲ್ಲ, ಬೇಸರವೂ ಇರಲಿಲ್ಲ. ಅದೇ ನನಗೆ ಹೆಚ್ಚು ನಾಟಿತು.

ನನಗೆ ಗೋಡೆ ಓದಲು ಬಾರದಿದ್ದುದು ದೊಡ್ಡ ತಪ್ಪಲ್ಲ. ಓದಿದವರು ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ ಎನ್ನುವುದು ತಪ್ಪು. ಬ್ರಹ್ಮಗಿರಿಯ ಶಾಸನ ಶುರುವಾಗುವುದೇ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುವುದರಿಂದ. ಮುಂದೆ ತಂದೆ ತಾಯಿಯ ಶುಶ್ರೂಷೆ ಮಾಡಬೇಕೆಂಬ ಮಾತು ಬರುತ್ತದೆ. ಇವತ್ತು ಶುಶ್ರೂಷೆ ಎಂದರೆ ನಮಗೆ ರೋಗಿಯ ಆರೈಕೆ. ಆದರೆ ಮೂಲದಲ್ಲಿ ಆ ಪದ 'ಕೇಳು' ಎಂಬ ಅರ್ಥದ ಧಾತುವಿನಿಂದ ಬಂದದ್ದು, ಕೇಳುವ ಇಚ್ಛೆ ಎಂದು ಅದರ ಅರ್ಥ. ಈ ವ್ಯುತ್ಪತ್ತಿಯನ್ನು ನಾನು ನನ್ನ ಎರಡನೆಯ ಅಧ್ಯಾಯದಲ್ಲಿ ಅಡಿಟಿಪ್ಪಣಿ ಸಮೇತ ಬರೆದಿದ್ದೆ. ದೀಪಾವಳಿ ವಾರ ಅಮ್ಮನ ಫೋನು ಬಂದಾಗ ತಿದ್ದುತ್ತಿದ್ದುದು ಅದೇ ಅಧ್ಯಾಯ.

ಅಮ್ಮನ ಮಂಡಿ ಈಗ ಪರವಾಗಿಲ್ಲ, ಮೆಟ್ಟಿಲು ಹತ್ತುವಾಗ ಮಾತ್ರ ಗೋಡೆ ಹಿಡಿಯುತ್ತಾರೆ. ಬಚ್ಚಲಿಗೆ ಪಿವಿಸಿ ಪೈಪನ್ನು ಗೋಡೆಯ ಹೊರಗೇ ಕಾಣುವಂತೆ ಹಾಕಿಸಿದ್ದೇವೆ. ಚೆಂದಕ್ಕೆ ಅಲ್ಲ, ಸೋರಿದರೆ ಕಾಣಲಿ ಎಂದು. ಮೋಟರ್ ಪಕ್ಕದಲ್ಲಿ ಹಳೆಯ ಕ್ಯಾಲೆಂಡರು ನೇತುಹಾಕಿ, ಹಾಕಿದ ದಿನಕ್ಕೆ ಒಂದು ಗೀಟು ಎಳೆಯಲು ಹೇಳಿ ಬಂದೆ.

ಈಗ ಭಾನುವಾರದ ಫೋನಿನಲ್ಲಿ ನಾನೇ ಕೇಳುತ್ತೇನೆ, "ಈ ವಾರ ಎಷ್ಟು ಗೀಟು?" "ಎರಡು" ಅನ್ನುತ್ತಾರೆ ಅಮ್ಮ. ಕಳೆದ ವಾರ ಮೂರು ಅಂದರು. ಪೆನ್ನು ಕೆಳಗಿಟ್ಟು, ಯಾಕೆ ಎಂದೆ. ಚಿಕ್ಕಮ್ಮನ ಮನೆಗೆ ನೆಂಟರು ಬಂದಿದ್ದರಂತೆ, ನಾಲ್ಕು ಕೊಡ ನೀರು ಕೊಟ್ಟರಂತೆ. ಯಾರ ನೆಂಟರು, ಎಲ್ಲಿಂದ ಬಂದಿದ್ದರು, ಏನು ಅಡುಗೆ ಮಾಡಿದ್ದರು ಎಂದು ಅಮ್ಮ ಮುಂದುವರಿಸಿದರು. ನಾನು ಕೇಳುತ್ತಾ ಕೂತೆ.